ಎದುರಾಳಿಯಿಲ್ಲದ ಜಯ

ಜಯವೆಂಬುದು ಯಾರ ಸೊತ್ತು? ಗೆದ್ದವನದೆಂದು ಲೋಕವು ಕೂಡಲೆ ಉತ್ತರ ಕೊಡುತ್ತದೆ. ಆದರೆ ಸ್ವಲ್ಪ ನಿಂತು ವಿಚಾರ ಮಾಡಿದರೆ, ಗೆಲ್ಲುವುದೆಂಬ ಕ್ರಿಯೆಗೆ ಕರ್ತೃವೊಬ್ಬನೇ ಸಾಲದು, ಕರ್ಮವೂ ಬೇಕೆಂಬುದು ವ್ಯಾಕರಣವನ್ನು ಬಲ್ಲವರಿಗೆಲ್ಲ ಹೊಳೆಯತಕ್ಕ ಮಾತು. ‘ಗೆದ್ದನು’ ಎಂದೊಡನೆ ‘ಯಾರನ್ನು?’ ಎಂಬ ಆಕಾಂಕ್ಷೆಯು ಹುಟ್ಟುತ್ತದೆ. ಆ ಆಕಾಂಕ್ಷೆಗೆ ಉತ್ತರ ದೊರೆಯದ ಕಡೆಯಲ್ಲಿ ವಾಕ್ಯವು ಅಪೂರ್ಣವಾಗುವಂತೆ ಜಯವೂ ಅಪೂರ್ಣವಾಗುವುದೋ, ಅಥವಾ ನಿಯಮವು ಕೊಟ್ಟುದೆಲ್ಲವೂ ಪೂರ್ಣಜಯವೇ ಆಗುವುದೋ ಎಂಬುದೇ ಈ ಲೇಖನದ ವಿಚಾರವಾಗಿದೆ.

ಇಂಥ ಪ್ರಶ್ನೆಗಳಿಗೆ ಭಾರತ ರಾಮಾಯಣಗಳಿಂದ ದೃಷ್ಟಾಂತವನ್ನು ತರುವುದು ನಮ್ಮವರ ವಾಡಿಕೆ. ಈ ಸಲ ನಾನು ದೂರದ ಆಫ್ರಿಕಾ ಖಂಡದ ಕಾಲ್ಚೆಂಡಾಟದ ಬಯಲಿನಿಂದ ಒಂದು ದೃಷ್ಟಾಂತವನ್ನು ತಂದಿದ್ದೇನೆ. ಆಟದ ಮಾತೆಂದು ವಾಚಕ ಮಹಾಶಯರು ಹಗುರವಾಗಿ ಎಣಿಸಬಾರದಾಗಿ ವಿಜ್ಞಾಪನೆ. ಜೀವನದಲ್ಲಿ ಮುಚ್ಚಿಕೊಂಡಿರುವ ನಿಯಮ, ಪ್ರಯತ್ನ, ಫಲಗಳೆಂಬ ಮೂರೂ ಆಟದಲ್ಲಿ ಬಯಲಿಗೆ ಬಿದ್ದಿರುತ್ತವೆ. ಆದುದರಿಂದ ಧರ್ಮವಿಚಾರಕ್ಕೆ ಅದು ಅಯೋಗ್ಯವಾದ ಸ್ಥಳವಲ್ಲ.

ಆಫ್ರಿಕಾ ಖಂಡದ ಕಾಲ್ಚೆಂಡಾಟದ ಒಕ್ಕೂಟವು 1957ರಲ್ಲಿ ಸೂಡಾನಿನ ಖಾರ್ಟೂಮ್ ನಗರದಲ್ಲಿ ಸ್ಥಾಪಿತವಾಯಿತು. ಪರಾಧೀನತೆಯಿಂದ ಆಗತಾನೆ ಬಿಡುಗಡೆ ಹೊಂದುತ್ತಿದ್ದ ದೇಶಗಳು ಒಂದರೊಡನೊಂದು ಸಮಾನರಾಗಿ ಸಂಧಿಸುವುದಕ್ಕೆ ಆಟದ ಬಯಲೂ ಒಂದು ವೇದಿಕೆಯಾಯಿತು. ಒಂದೊಂದು ದೇಶದ ಶ್ರೇಷ್ಠ ಕ್ಲಬ್ಬುಗಳು ತಮ್ಮೊಳಗೆ ಸ್ಪರ್ಧಿಸುವ ಚಾಂಪಿಯನ್ನರ ಕಪ್ಪು 1964ರಲ್ಲಿ ಆರಂಭವಾಯಿತು. 1965ರ ಫೆಬ್ರವರಿಯಲ್ಲಿ ಘಾನಾದ ಆಕ್ರಾ ನಗರದಲ್ಲಿ ನಡೆದ ಮೊದಲನೆಯ ಅಂತಿಮ ಪಂದ್ಯದಲ್ಲಿ ಕ್ಯಾಮರೂನಿನ ಓರಿಕ್ಸ್ ಡುವಾಲಾ ತಂಡವು ಮಾಲಿ ದೇಶದ ಸ್ಟಾಡ್ ಮಾಲಿಯೆನ್ ತಂಡವನ್ನು 2–1ರಿಂದ ಸೋಲಿಸಿತು. ಆಗ ಈ ಸ್ಪರ್ಧೆಯ ಕ್ರಮವು ಸರಳವೂ ಕಠೋರವೂ ಆಗಿತ್ತು: ಸೋತವನು ಹೊರಗೆ, ಗೆದ್ದವನು ಮುಂದಿನ ಸುತ್ತಿಗೆ. ತರುವಾಯ ಎದುರಾಳಿಗಳಿಬ್ಬರೂ ಪರಸ್ಪರರ ಊರಿನಲ್ಲಿ ಒಂದೊಂದು ಆಟವನ್ನಾಡಿ, ಎರಡರ ಮೊತ್ತದಿಂದ ಜಯವನ್ನು ನಿರ್ಣಯಿಸುವ ಪದ್ಧತಿಯು ಅಂತಿಮ ಪಂದ್ಯಕ್ಕೂ ಬಂದಿತು.

1967ರ ಸ್ಪರ್ಧೆಯ ಕೊನೆಯಲ್ಲಿ ಉಳಿದವರು ಇಬ್ಬರು. ಒಬ್ಬರು ಘಾನಾ ದೇಶದ ಕುಮಾಸಿ ನಗರದ ಅಸಾಂಟೆ ಕೋಟೋಕೋ. ಕುಮಾಸಿಯು ಪ್ರಾಚೀನವಾದ ಅಸಾಂಟೆ ರಾಜ್ಯದ ರಾಜಧಾನಿ. ಕೋಟೋಕೋ ಎಂದರೆ ಮುಳ್ಳುಹಂದಿ. ಅದು ಆ ರಾಜ್ಯದ ಲಾಂಛನ. ಒಂದು ಮುಳ್ಳು ಉದುರಿದರೆ ಇನ್ನೊಂದು ಏಳುವಂತೆ, ಸಾವಿರ ಮಂದಿ ಬಿದ್ದರೆ ಮತ್ತೆ ಸಾವಿರ ಮಂದಿ ಬರುವರೆಂಬುದು ಅದರ ಭಾವ. ಮತ್ತೊಬ್ಬರು ಕಾಂಗೋ ದೇಶದ ತಾಮ್ರದ ಗಣಿಗಳ ನಾಡಾದ ಲುಬುಂಬಾಷಿಯ ಎಂಗ್ಲೆಬರ್ಟ್. 1939ರಲ್ಲಿ ಬೆನಿಡಿಕ್ಟಿನ್ ಪಂಥದ ಕ್ರೈಸ್ತ ಸನ್ಯಾಸಿಗಳಿಂದ ಸ್ಥಾಪಿತವಾದ ಆ ಕ್ಲಬ್ಬು ಹಲವು ಹೆಸರುಗಳನ್ನು ಧರಿಸಿ, ಕೊನೆಗೆ ಟಯರಿನ ಒಂದು ಕಂಪೆನಿಯ ಹೆಸರನ್ನು ಪಡೆದು, ಅದರ ಹಿಂದೆ ‘ಸರ್ವಶಕ್ತ’ವೆಂಬ ಅರ್ಥದ ಫ್ರೆಂಚ್ ಬಿರುದನ್ನೂ ಸೇರಿಸಿಕೊಂಡಿತ್ತು. ಇಂದು ಲೋಕವು ಅದನ್ನು ಟಿ. ಪಿ. ಮಜೆಂಬೆ ಎಂದು ಬಲ್ಲುದು.

ಆ ವರ್ಷದ ನವೆಂಬರಿನಲ್ಲಿ ಕುಮಾಸಿಯಲ್ಲಿ ನಡೆದ ಮೊದಲನೆಯ ಆಟವು 1–1ರಿಂದ ಸಮವಾಯಿತು. ಕಾಂಗೋ ದೇಶದಲ್ಲಿ ನಡೆದ ಎರಡನೆಯ ಆಟವೂ 2–2ರಿಂದ ಸಮವಾಯಿತು. ಮೂರು ಮೂರು ಗೋಲುಗಳ ಸಮಬಲದಲ್ಲಿ ನಿಂತ ಇಬ್ಬರಿಗೂ ಒಕ್ಕೂಟವು ಮೂರನೆಯ ಆಟವನ್ನು ವಿಧಿಸಿತು. ಆ ಆಟಕ್ಕೆ ಕೋಟೋಕೋ ತಂಡವು ಬರಲಿಲ್ಲ. ಕಪ್ಪು ಎಂಗ್ಲೆಬರ್ಟಿಗೆ ಸಂದಿತು. ಮೂರನೆಯ ಆಟದ ಸಮಾಚಾರವು ಕ್ಲಬ್ಬಿಗೆ ಮುಟ್ಟಲೇ ಇಲ್ಲ, ಅದು ನಡುವಣ ಆಡಳಿತದವರಲ್ಲಿಯೇ ನಿಂತುಹೋಯಿತು ಎಂಬುದು ಘಾನಾದಲ್ಲಿ ಇಂದಿಗೂ ಹೇಳಿಕೊಂಡು ಬರುತ್ತಿರುವ ವೃತ್ತಾಂತ.

ಇನ್ನು ವಿಚಾರಕ್ಕೆ ಬರೋಣ. ಇಲ್ಲಿ ಮೊದಲನೆಯ ಪಕ್ಷದವರು ಹೀಗೆ ಹೇಳುತ್ತಾರೆ: “ಆಟವೆಂಬುದು ನಿಯಮದಿಂದ ಹುಟ್ಟಿದ ವಸ್ತು. ನಿಯಮವನ್ನು ಕಳೆದರೆ ಉಳಿಯುವುದು ಇಪ್ಪತ್ತೆರಡು ಮಂದಿ ಒಂದು ಚರ್ಮದ ಗೋಳದ ಹಿಂದೆ ಓಡುವುದಷ್ಟೆ. ಬಾರದವನು ಸೋತವನೆಂದು ನಿಯಮವು ಹೇಳಿದ ಮೇಲೆ ಬಂದವನು ಗೆದ್ದವನೇ ಸರಿ. ಈ ಜಯಕ್ಕೂ ನೂರು ಗೋಲುಗಳ ಜಯಕ್ಕೂ ಭೇದವಿಲ್ಲ.” ಎರಡನೆಯ ಪಕ್ಷದವರು ಹೀಗೆನ್ನುತ್ತಾರೆ: “ಜಯವು ಬಲಾಬಲಗಳ ಪರೀಕ್ಷೆಯಿಂದ ತೋರುವ ಸತ್ಯ. ಪರೀಕ್ಷೆಯೇ ನಡೆಯದ ಕಡೆ ಯಾವ ಸತ್ಯವು ತೋರೀತು? ಆದುದರಿಂದ ಇದು ಜಯವೇ ಅಲ್ಲ, ಜಯಾಭಾಸ.”

ಎರಡನೆಯ ಪಕ್ಷವು ಮನಸ್ಸಿಗೆ ಹಿತವಾದುದಾದರೂ ಅದನ್ನು ಹಾಗೆಯೇ ಒಪ್ಪುವುದು ಕಷ್ಟ. ಏಕೆಂದರೆ ಬಲಾಬಲವೆಂಬುದು ಕೂಡ ನಿಯಮದ ಕನ್ನಡಿಯಲ್ಲಿಯೇ ನಮಗೆ ಕಾಣುವುದು. ಪರಸ್ಥಳದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆಯೆಂಬ ನಿಯಮವೊಂದನ್ನು ಯೂರೋಪಿನವರು 1965ರಲ್ಲಿ ಬಳಕೆಗೆ ತಂದರು. 2021ರಲ್ಲಿ ಅವರೇ ಅದನ್ನು ಕೈಬಿಟ್ಟರು. ಆ ನಿಯಮವನ್ನು 1967ರ ಈ ಪಂದ್ಯಕ್ಕೆ ಅನ್ವಯಿಸಿದ್ದರೆ, ಹೊರನಾಡಿನಲ್ಲಿ ಎರಡು ಗೋಲು ಹೊಡೆದ ಕೋಟೋಕೋ, ಒಂದೇ ಗೋಲು ಹೊಡೆದ ಎಂಗ್ಲೆಬರ್ಟನ್ನು ಗೆದ್ದಂತಾಗುತ್ತಿತ್ತು. ಮೂರನೆಯ ಆಟದ ಪ್ರಸಕ್ತಿಯೇ ಬರುತ್ತಿರಲಿಲ್ಲ. ಆಡಿದವರು ಅವರೇ, ಗೋಲುಗಳು ಅವೇ. ನಿಯಮ ಬೇರೆಯಾದ ಮಾತ್ರಕ್ಕೆ ವಿಜಯಿಯೂ ಬೇರೆ! 1968ರ ಯೂರೋಪಿನ ರಾಷ್ಟ್ರಗಳ ಸ್ಪರ್ಧೆಯಲ್ಲಿ ಇಟಲಿ ಮತ್ತು ಸೋವಿಯತ್ ದೇಶಗಳು ಸಮಬಲವಾಗಿ ನಿಂತಾಗ ನಾಣ್ಯವನ್ನು ಚಿಮ್ಮಿ ಇಟಲಿಯನ್ನು ಅಂತಿಮ ಪಂದ್ಯಕ್ಕೆ ಕಳುಹಿಸಿದರು. ಪೆನಾಲ್ಟಿ ಒದೆತಗಳಿಂದ ತೀರ್ಮಾನಿಸುವ ಕ್ರಮವು 1970ರಲ್ಲಿ ಬಂದಿತು. ಹೀಗಿರಲು, ನಿಯಮದ ಹಂಗಿಲ್ಲದ ಶುದ್ಧವಾದ ಜಯವೊಂದುಂಟೆಂದು ಹೇಳುವುದು ಸಾಹಸವೇ ಸರಿ.

ಹಾಗಾದರೆ ಮೊದಲನೆಯ ಪಕ್ಷವೇ ಸಿದ್ಧಾಂತವೋ? ಅದೂ ಅಲ್ಲ. ನಿಯಮವು ಎರಡು ಬಗೆಯ ಕಾರ್ಯಗಳನ್ನು ಮಾಡುತ್ತದೆಂಬುದನ್ನು ಆ ಪಕ್ಷದವರು ಮರೆತಿದ್ದಾರೆ. ನಡೆದುದನ್ನು ಅಳೆಯುವುದು ಒಂದು. ನಡೆಯದುದರ ಸ್ಥಾನದಲ್ಲಿ ಏನನ್ನಾದರೂ ಇಡುವುದು ಇನ್ನೊಂದು. ಗೋಲನ್ನೆಣಿಸುವುದು ಮೊದಲನೆಯ ಬಗೆ. ಬಾರದವನು ಸೋತನೆನ್ನುವುದು ಎರಡನೆಯ ಬಗೆ. ಬೆಲ್ಲವಿಲ್ಲದಾಗ ಸಕ್ಕರೆಯನ್ನು ಬಳಸಿದರೆ ಅಡಿಗೆಯು ಸಾಗುತ್ತದೆ. ಆದರೆ ಸಕ್ಕರೆಯು ಬೆಲ್ಲವಾಗುವುದಿಲ್ಲ. ಶಾಸ್ತ್ರದಲ್ಲಿಯೂ ಮುಖ್ಯದ್ರವ್ಯವು ದೊರೆಯದಿದ್ದಾಗ ಪ್ರತಿನಿಧಿದ್ರವ್ಯವನ್ನು ಹೇಳಿದ್ದಾರೆ. ಕರ್ಮವು ನಿಲ್ಲಬಾರದೆಂಬುದೇ ಅದರ ಉದ್ದೇಶ. ಅದರಂತೆ, ಬಾರದವನ ವಿರುದ್ಧವಾಗಿ ದೊರೆತ ಕಪ್ಪು ಜಯದ ಪ್ರತಿನಿಧಿಯೇ ಹೊರತು ಜಯವಲ್ಲ. ಅದನ್ನು ಕೊಟ್ಟುದು ತಪ್ಪಲ್ಲ. ಕೊಡದಿದ್ದರೆ ಸ್ಪರ್ಧೆಯೇ ಮುಗಿಯುತ್ತಿರಲಿಲ್ಲ. ತೆಗೆದುಕೊಂಡುದೂ ತಪ್ಪಲ್ಲ. ಅದೂ ಇದೂ ಒಂದೇ ಎಂದು ಭಾವಿಸುವುದು ಮಾತ್ರ ತಪ್ಪು.

ಇಲ್ಲಿ ಬಾರದಿರುವುದರಲ್ಲಿಯೂ ಭೇದವುಂಟೆಂಬುದನ್ನು ಗಮನಿಸಬೇಕು. ಭಯದಿಂದ ಬಾರದವನು ಒಬ್ಬ. ಅವನು ಮನಸ್ಸಿನಲ್ಲಿ ಮೊದಲೇ ಸೋತಿದ್ದಾನೆ. ರೋಷದಿಂದ ಬಯಲನ್ನು ಬಿಟ್ಟವನು ಇನ್ನೊಬ್ಬ. 2019ರಲ್ಲಿ ಇದೇ ಸ್ಪರ್ಧೆಯ ಅಂತಿಮ ಪಂದ್ಯದ ಎರಡನೆಯ ಆಟದಲ್ಲಿ, ತಾವು ಹೊಡೆದ ಗೋಲನ್ನು ತಳ್ಳಿಹಾಕಿದರೆಂದೂ, ವೀಡಿಯೊ ನೋಡಿ ಪರಿಶೀಲಿಸುವ ಯಂತ್ರವು ಕೆಲಸ ಮಾಡುತ್ತಿಲ್ಲವೆಂದೂ ಮೊರೊಕ್ಕೊ ದೇಶದ ವೈಡಾಡ್ ತಂಡವು ಆಟವನ್ನು ಮುಂದುವರಿಸಲೊಪ್ಪಲಿಲ್ಲ. ದೀರ್ಘವಾದ ವ್ಯಾಜ್ಯದ ಬಳಿಕ ಕಪ್ಪು ಟ್ಯುನಿಸಿನ ಎಸ್ಪೆರಾನ್ಸ್ ತಂಡಕ್ಕೇ ಉಳಿಯಿತು. ಅವರ ರೋಷವು ನ್ಯಾಯವೋ ಅಲ್ಲವೋ, ತಾವು ಏನನ್ನು ಬಿಡುತ್ತಿರುವೆವೆಂಬುದನ್ನು ಅವರು ಬಲ್ಲರು. ಆದರೆ ಕರೆಯೇ ಮುಟ್ಟದೆ ಬಾರದವನು ಮೂರನೆಯವನು. ಅವನಲ್ಲಿ ಭಯವೂ ಇಲ್ಲ, ರೋಷವೂ ಇಲ್ಲ. ಸೋಲಲು ಬೇಕಾದ ಕರ್ತೃತ್ವವೇ ಅವನಿಗಿಲ್ಲ. ಕುಮಾಸಿಯವರ ವೃತ್ತಾಂತವನ್ನು ನಂಬುವುದಾದರೆ, ಅಲ್ಲಿಯ ಹನ್ನೊಂದು ಮಂದಿ ಸೋಲುವ ಅವಕಾಶದಿಂದಲೂ ವಂಚಿತರಾದರು. ಇದು ಸೋಲಿಗಿಂತ ಹೆಚ್ಚಿನ ನಷ್ಟವೆಂದು ನನ್ನ ಅಭಿಪ್ರಾಯ.

ಹೀಗೆ ದೊರೆತ ಪ್ರಶಸ್ತಿಯನ್ನು ಪಡೆದವನು ಹೇಗೆ ಇಟ್ಟುಕೊಳ್ಳಬೇಕು? ಋಣವೆಂದು ಇಟ್ಟುಕೊಳ್ಳಬೇಕು. ನಮ್ಮ ಹಿರಿಯರು ಹುಟ್ಟಿದವನ ಮೇಲೆಯೇ ಮೂರು ಋಣಗಳನ್ನು ಹೊರಿಸಿದ್ದಾರೆ. ಅದರಲ್ಲಿ ಅಪರಾಧದ ಸೋಂಕಿಲ್ಲ. ತಾನು ದುಡಿಯದೆ ಪಡೆದುದುಂಟು, ಅದನ್ನು ತೀರಿಸಬೇಕು, ಎಂಬಷ್ಟೇ ಅದರ ಅರ್ಥ. ಎಂಗ್ಲೆಬರ್ಟ್ ತಂಡವು ಮರುವರ್ಷ, 1968ರಲ್ಲಿ, ಟೋಗೋ ದೇಶದ ಎತ್ವಾಲ್ ಫಿಲಾಂತ್ ತಂಡವನ್ನು ಮೊದಲ ಆಟದಲ್ಲಿ 5–0ರಿಂದ ಸೋಲಿಸಿ, ಎರಡನೆಯದರಲ್ಲಿ 1–4ರಿಂದ ಸೋತರೂ ಮೊತ್ತದಲ್ಲಿ ಗೆದ್ದು, ಕಪ್ಪನ್ನು ಆಡಿಯೇ ಪಡೆಯಿತು. 1969ರಲ್ಲಿಯೂ ಅಂತಿಮ ಪಂದ್ಯವನ್ನು ಸೇರಿ ಈಜಿಪ್ಟಿನ ಇಸ್ಮಾಯಿಲಿ ತಂಡಕ್ಕೆ ಸೋತಿತು. ತಾವು ಆ ಪದವಿಗೆ ಅರ್ಹರೆಂಬುದನ್ನು ಇದರಿಂದ ಅವರು ತೋರಿಸಿದಂತಾಯಿತು. ಆದರೆ ಋಣವು ಯಾರದೋ ಅವರಿಗೇ ಸಲ್ಲಬೇಕಷ್ಟೆ.

ಅದಕ್ಕೂ ಕಾಲವು ಒದಗಿತು. 1970ರ ಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ಈ ಎರಡು ತಂಡಗಳೇ ಮತ್ತೆ ಎದುರುಬದುರಾದುವು. 1971ರ ಜನವರಿಯಲ್ಲಿ ಕುಮಾಸಿಯಲ್ಲಿ ನಡೆದ ಮೊದಲನೆಯ ಆಟವು, ಹಿಂದಿನಂತೆಯೇ, 1–1ರಿಂದ ಸಮವಾಯಿತು. ಇನ್ನು ಕಾಂಗೋ ನೆಲದಲ್ಲಿ ಎಂಗ್ಲೆಬರ್ಟಿಗೆ ಗೆಲುವು ಸುಲಭವೆಂದು ಜನರು ತಿಳಿದಿದ್ದರು. ಆದರೆ ಕೋಟೋಕೋ ಅಲ್ಲಿ 2–1ರಿಂದ ಗೆದ್ದು ಕಪ್ಪನ್ನು ಊರಿಗೆ ತಂದಿತು.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ಧರ್ಮವು ಕೊನೆಗೂ ಗೆದ್ದಿತೆಂದು ಹೇಳಿ ಮಂಗಳವನ್ನು ಹಾಡುವುದು ಸುಲಭ. ಹಾಗೆ ಮಾಡಲು ನನ್ನ ಮನಸ್ಸು ಒಪ್ಪುವುದಿಲ್ಲ. 1971ರ ಗೆಲುವು ಆ ದಿನದ ಗೆಲುವೇ ಹೊರತು 1967ರ ತೀರ್ಪಲ್ಲ. ಮೂರು ವರ್ಷಗಳ ಹಿಂದೆ ಮೂರನೆಯ ಆಟವು ನಡೆದಿದ್ದರೆ ಎಂಗ್ಲೆಬರ್ಟೇ ಗೆಲ್ಲುತ್ತಿತ್ತೋ ಏನೋ. ಆಗ ಅವರ ಜಯಕ್ಕೂ ಕಳಂಕವಿರುತ್ತಿರಲಿಲ್ಲ. ಆಟಗಾರನ ಕಾಲಿನ ಬಲವು ಕೆಲವೇ ವರ್ಷಗಳದು. ಕ್ಲಬ್ಬಿಗೆ ಸಂದ ಪರಿಹಾರವು, ಅಷ್ಟರಲ್ಲಿ ಆಟದಿಂದ ಸರಿದುಹೋದವನೊಬ್ಬನಿದ್ದರೆ ಅವನಿಗೆ ಸಲ್ಲಲಿಲ್ಲ. ಮುಳ್ಳುಹಂದಿಗೆ ಹೊಸ ಮುಳ್ಳು ಬರಬಹುದು. ಉದುರಿದ ಮುಳ್ಳು ಉದುರಿದುದೇ. ದಾಖಲೆಯ ಪುಸ್ತಕದಲ್ಲಿ 1967ರ ಕಪ್ಪು ಇಂದಿಗೂ ಮಜೆಂಬೆಯವರ ಐದು ಕಪ್ಪುಗಳಲ್ಲಿ ಒಂದಾಗಿಯೇ ಇದೆ. ಕೋಟೋಕೋ ಪಡೆದವು 1970ರದೂ 1983ರದೂ ಸೇರಿ ಎರಡೇ.

ಈ ವಿಚಾರದಿಂದ ನಮಗೆ ತಿಳಿಯಬೇಕಾದ ಮಾತು ಆಟಗಾರರಿಗಿಂತಲೂ ನಡುವೆ ನಿಂತವರಿಗೆ ಹೆಚ್ಚಾಗಿ ಸಂಬಂಧಪಟ್ಟುದು. ಗೆಲ್ಲುವವನ ಧರ್ಮವನ್ನೂ ಸೋಲುವವನ ಧರ್ಮವನ್ನೂ ಎಲ್ಲರೂ ಉಪದೇಶಿಸುತ್ತಾರೆ. ದೂತನ ಧರ್ಮವನ್ನು ಯಾರೂ ನೆನೆಯುವುದಿಲ್ಲ. ಒಬ್ಬರ ಆಜ್ಞೆಯನ್ನು ಇನ್ನೊಬ್ಬರಿಗೆ ಮುಟ್ಟಿಸತಕ್ಕವನಿಗೆ ತನ್ನದೆಂಬ ಜಯವಿಲ್ಲ, ಸೋಲಿಲ್ಲ, ಕೀರ್ತಿಯಂತೂ ಇಲ್ಲವೇ ಇಲ್ಲ. ಆದರೆ ಅವನ ಆಲಸ್ಯವೊಂದೇ ಎರಡೂ ಕಡೆಯವರ ಸತ್ಯವನ್ನು ನುಂಗಬಲ್ಲುದು: ಒಬ್ಬನಿಗೆ ಆಡದ ಸೋಲು, ಇನ್ನೊಬ್ಬನಿಗೆ ಆಡದ ಗೆಲುವು. ನಮ್ಮಲ್ಲಿ ಬಹುಮಂದಿ ಬಾಳಿನಲ್ಲಿ ಕಪ್ಪನ್ನು ಗೆಲ್ಲುವವರೂ ಅಲ್ಲ, ಕಳೆದುಕೊಳ್ಳುವವರೂ ಅಲ್ಲ. ಕಛೇರಿಯಲ್ಲಾಗಲಿ ಪಾಠಶಾಲೆಯಲ್ಲಾಗಲಿ ಮನೆಯಲ್ಲಾಗಲಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೊತ್ತಿಗೆ ಸರಿಯಾಗಿ ತಲುಪಿಸುವುದೇ ನಮ್ಮ ಪಾಲಿಗೆ ಬಂದ ಕರ್ತವ್ಯ. ಅದು ಸಣ್ಣದೆಂದು ತೋರಿದರೂ, ಪರರ ಪುರುಷಪ್ರಯತ್ನಕ್ಕೆ ದಾರಿಯನ್ನು ತೆರೆದಿಡುವ ಕೆಲಸವದು. ಫಲವು ಯಾರಿಗೆ ಬೇಕಾದರೂ ಆಗಲಿ, ಪ್ರಯತ್ನಪಡುವ ಅವಕಾಶವು ಇಬ್ಬರಿಗೂ ಇರಲೆಂದು ಬಯಸುವವನು ಮೊದಲು ಈ ಸಣ್ಣ ಕರ್ತವ್ಯದಲ್ಲಿ ಎಚ್ಚರವಾಗಿರತಕ್ಕದ್ದು.