ಸೋಲಿಗೆ ಯಾರ ತಲೆದಂಡ?

2008ರ ಮೊದಲ ಐಪಿಎಲ್‌ನಲ್ಲಿ ಎಂಟು ತಂಡಗಳಿದ್ದವು. ಎಂಟನೆಯ ಸ್ಥಾನ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್‌ಗೆ, ಏಳನೆಯದು ಬೆಂಗಳೂರಿನ ರಾಯಲ್ ಚಾಲೆಂಜರ್ಸ್‌ಗೆ. ಬೆಂಗಳೂರಿಗೆ ಟೂರ್ನಿ ಮುಗಿಯುವಷ್ಟೂ ತಾಳ್ಮೆ ಇರಲಿಲ್ಲ. ಸಿಇಒ ಚಾರು ಶರ್ಮಾ ನಡುವೆಯೇ ಹೊರನಡೆಯಬೇಕಾಯಿತು. ಆ ಕುರ್ಚಿಗೆ ಬ್ರಿಜೇಶ್ ಪಟೇಲ್ ಬಂದರು. ಹೈದರಾಬಾದು ಕೋಚ್ ರಾಬಿನ್ ಸಿಂಗ್ ಜಾಗಕ್ಕೆ ಡ್ಯಾರೆನ್ ಲೆಹ್ಮನ್‌ರನ್ನು ತಂದಿತು. ಮರುವರ್ಷ ಮೇ 24ರಂದು ಜೊಹಾನ್ಸ್‌ಬರ್ಗ್‌ನ ಫೈನಲ್‌ನಲ್ಲಿ ಎದುರಾದದ್ದು ಇವೇ ಎರಡು ತಂಡಗಳು. ಹೈದರಾಬಾದು 6 ರನ್‌ಗಳಿಂದ ಗೆದ್ದಿತು.

ಸೋತಾಗ ಯಾರನ್ನಾದರೂ ಕಿತ್ತುಹಾಕಬೇಕು ಎನ್ನುವ ಅಭಿಮಾನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಕೆಲವರು ಹೋದರು, ತಂಡಗಳು ಎದ್ದವು. ಆದರೆ ಈ ಸಾಕ್ಷಿಯಲ್ಲೊಂದು ಬಿರುಕಿದೆ. ತೀರಾ ಕೆಟ್ಟ ಫಲಿತಾಂಶದ ಮುಂದಿನದು ಸಾಮಾನ್ಯವಾಗಿ ಅಷ್ಟು ಕೆಟ್ಟದಾಗಿರುವುದಿಲ್ಲ. ಸರಾಸರಿಯ ಕಡೆಗೆ ಮರಳುವ ಈ ಗುಣವನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಫ್ರಾನ್ಸಿಸ್ ಗಾಲ್ಟನ್ ಗುರುತಿಸಿದ್ದ. ಜ್ವರ ನೆತ್ತಿಗೇರಿದ ದಿನ ಕಟ್ಟಿದ ತಾಯಿತಕ್ಕೆ, ಮರುದಿನ ಜ್ವರ ಇಳಿದಾಗ ಕೀರ್ತಿ ಸಲ್ಲುತ್ತದೆ. ನಾವು ತಲೆದಂಡ ಕೇಳುವುದೂ ತಂಡ ನೆಲ ಕಚ್ಚಿದಾಗಲೇ.

ಚಾರ್ಜರ್ಸ್ 2012ರಲ್ಲಿ ಮುಚ್ಚಿಹೋದ ಮೇಲೆ ಹೈದರಾಬಾದಿಗೆ ಬಂದ ಸನ್‌ರೈಸರ್ಸ್ ತಂಡದ ಕಥೆ ಆ ತಾಯಿತವನ್ನು ಇನ್ನಷ್ಟು ಚೆನ್ನಾಗಿ ಪರೀಕ್ಷಿಸುತ್ತದೆ. 2021ರಲ್ಲಿ ಅದು 14 ಪಂದ್ಯಗಳಲ್ಲಿ ಮೂರನ್ನಷ್ಟೇ ಗೆದ್ದು ಕೊನೆಗೆ ನಿಂತಿತು. ಕೋಚ್ ಟ್ರೆವರ್ ಬೇಲಿಸ್ ಹೋಗಿ ಟಾಮ್ ಮೂಡಿ ಬಂದರು: ಹತ್ತು ತಂಡಗಳಲ್ಲಿ ಎಂಟನೆಯ ಸ್ಥಾನ. ಮೂಡಿ ಹೋಗಿ ಬ್ರಯಾನ್ ಲಾರಾ ಬಂದರು: ಹತ್ತನೆಯ ಸ್ಥಾನ. ಲಾರಾ ಹೋಗಿ ಡೇನಿಯಲ್ ವೆಟ್ಟೋರಿ ಬಂದರು, 20.50 ಕೋಟಿ ರೂಪಾಯಿಗೆ ಪ್ಯಾಟ್ ಕಮಿನ್ಸ್ ಬಂದರು: 2024ರಲ್ಲಿ ಫೈನಲ್. ಮೂರನೆಯ ಬದಲಾವಣೆಯನ್ನು ಜಮೆಯ ಕಡೆ ಬರೆದುಕೊಳ್ಳುವವರು ಮೊದಲಿನ ಎರಡನ್ನು ಖರ್ಚಿನ ಕಡೆಯೂ ಬರೆಯಬೇಕು. ಆ ಲೆಕ್ಕವನ್ನು ಹೈದರಾಬಾದಿನ ಉಪ್ಪಲ್ ಕ್ರೀಡಾಂಗಣದ ಗ್ಯಾಲರಿಯಲ್ಲಿ ಯಾರೂ ಮಾಡುವುದಿಲ್ಲ.

ಅದೇ 2024ರಲ್ಲಿ ಇನ್ನೊಂದು ಒಗಟಿದೆ. ಮೊದಲ ಎಸೆತದಿಂದಲೇ ಬಾರಿಸುವುದು ತಂಡದ ನೀತಿಯಾಗಿತ್ತು. ಆ ನೀತಿಯಿಂದ ಮಾರ್ಚ್‌ನಲ್ಲಿ ಮುಂಬೈ ವಿರುದ್ಧ 277, ಏಪ್ರಿಲ್‌ನಲ್ಲಿ ಬೆಂಗಳೂರಿನ ವಿರುದ್ಧ 287 ಬಂತು. ಮೇ 26ರ ಫೈನಲ್‌ನಲ್ಲಿ ಅದೇ ತಂಡ 113ಕ್ಕೆ ಉದುರಿತು. ಆ ನೀತಿಯನ್ನು ರೂಪಿಸಿದವರು ಏಪ್ರಿಲ್‌ನಲ್ಲಿ ಜಾಣರಾಗಿದ್ದು ಮೇ ತಿಂಗಳಲ್ಲಿ ದಡ್ಡರಾದರೇ? ತನ್ನ ಹಿಡಿತದಲ್ಲಿಲ್ಲದ ಫಲಕ್ಕಾಗಿ ಮನುಷ್ಯನನ್ನು ಹೊಗಳುವುದು, ತೆಗಳುವುದು ಎಷ್ಟು ಸರಿ ಎಂಬುದು ತತ್ತ್ವಜ್ಞಾನಿಗಳಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ 1976ರಲ್ಲಿ ಎತ್ತಿದ ಪ್ರಶ್ನೆ. ಅದೃಷ್ಟವನ್ನು ಕಳೆದು ಉಳಿದದ್ದನ್ನಷ್ಟೇ ತೂಗಬೇಕು ಎನ್ನುವುದು ಹೇಳಲು ಸುಲಭ, ಕಳೆಯುವುದು ಕಷ್ಟ.

ಹಾಗಾದರೆ ಯಾರನ್ನೂ ಎಂದೂ ಕೇಳುವಂತಿಲ್ಲವೆ? ಈ ಆಕ್ಷೇಪಣೆ ಗಟ್ಟಿಯಾದದ್ದು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್‌ನ ಜನರಲ್ ಮ್ಯಾನೇಜರ್ ಸ್ಯಾಮ್ ಹಿಂಕಿ, ಇಂದು ಸೋತು ನಾಳೆಗೆ ಒಳ್ಳೆಯ ಆಟಗಾರರನ್ನು ಕೂಡಿಸಿಕೊಳ್ಳುವ ದಾರಿ ಹಿಡಿದರು. 2015–16ರಲ್ಲಿ ತಂಡ 82 ಪಂದ್ಯಗಳಲ್ಲಿ ಹತ್ತನ್ನಷ್ಟೇ ಗೆದ್ದಿತು. ಋತು ಮುಗಿಯುವ ಮುನ್ನವೇ ಹಿಂಕಿ ರಾಜೀನಾಮೆ ಕೊಟ್ಟರು. ಅವರ ಕಾಲದಲ್ಲಿ ಆಯ್ಕೆಯಾದ ಜೋಯೆಲ್ ಎಂಬೀಡ್ ಮುಂದೆ ಲೀಗಿನ ಅತ್ಯುತ್ತಮ ಆಟಗಾರನಾದರು. ಹಿಂಕಿಯ ಪರ ಇದ್ದ ಅಭಿಮಾನಿಗಳಿಗೆ ಅದು ಪುರಾವೆ. ವಿರೋಧಿಗಳಿಗೆ, ಫಲವನ್ನು ಸದಾ ನಾಳೆಗೆ ಮುಂದೂಡುವ ಯೋಜನೆ ಯಾವ ಪರೀಕ್ಷೆಗೂ ಸಿಗದ ಯೋಜನೆ. ಇಬ್ಬರ ಮಾತಿನಲ್ಲೂ ನಿಜವಿದೆ.

ಆದ್ದರಿಂದ ತೂಗಬೇಕಾದದ್ದು ನಿರ್ಧಾರವನ್ನು, ಅದನ್ನು ತೆಗೆದುಕೊಂಡ ದಿನದ ತಿಳಿವಳಿಕೆಯ ತಕ್ಕಡಿಯಲ್ಲಿ. ಅಂದು ಏನು ಗೊತ್ತಿತ್ತು? ಬೇರೆ ದಾರಿ ಯಾವುದಿತ್ತು? ಕಾರಣ ಹೇಳಿದ್ದರೇ? 2021ರ ಮೇ 1ರಂದು ಸನ್‌ರೈಸರ್ಸ್, 2016ರಲ್ಲಿ ಕಪ್ ಗೆದ್ದುಕೊಟ್ಟ ಡೇವಿಡ್ ವಾರ್ನರ್‌ರನ್ನು ನಾಯಕತ್ವದಿಂದ ಇಳಿಸಿತು. ಅದೇ ವರ್ಷದ ನವೆಂಬರಿನಲ್ಲಿ ಅವರು ಟಿ20 ವಿಶ್ವಕಪ್ಪಿನ ಸರಣಿಶ್ರೇಷ್ಠರಾದರು. ಆ ಪ್ರಶಸ್ತಿ ಮೇ ತಿಂಗಳ ನಿರ್ಧಾರವನ್ನು ತಪ್ಪೆಂದು ಸಾಬೀತುಮಾಡುವುದಿಲ್ಲ. ಅದು ಆಮೇಲಿನ ಸಂಗತಿ. ತನಗೆ ಕಾರಣವನ್ನೇ ತಿಳಿಸಲಿಲ್ಲ ಎಂದ ವಾರ್ನರ್ ಮಾತು ಮಾತ್ರ ಆ ದಿನಕ್ಕೇ ತಗಲುವ ದೂರು. ವಿಶ್ವಕಪ್ಪಿನಲ್ಲಿ ಅವರು ಸೊನ್ನೆ ಸುತ್ತಿದ್ದರೂ ಅದರ ತೂಕ ಅಷ್ಟೇ ಇರುತ್ತಿತ್ತು.

ಕಾರಣ ಕೇಳುವ ಅಧಿಕಾರ ಅಭಿಮಾನಿಗೆ ಎಲ್ಲಿಂದ ಬಂತು? ಜರ್ಮನಿಯ ಫುಟ್‌ಬಾಲ್ ಲೀಗಿನ ನಿಯಮದ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕ್ಲಬ್ಬಿನ ಬಹುಮತ ಸದಸ್ಯರ ಕೈಯಲ್ಲಿರಬೇಕು. ಅಲ್ಲಿ ಅಸಮಾಧಾನ ಮತವಾಗಬಲ್ಲದು. ಸನ್‌ರೈಸರ್ಸ್ ಸನ್ ಟಿವಿಯ ಸೊತ್ತು. ಇಲ್ಲಿ ‘ಅವನನ್ನು ತೆಗೆಯಿರಿ’ ಎಂಬ ಕೂಗು ಎಷ್ಟೇ ಜೋರಾಗಿದ್ದರೂ ಮಾಲೀಕರಿಗೆ ಸಲ್ಲಿಸಿದ ಅರ್ಜಿ. ಹರಾಜಿನ ಮೇಜಿನಲ್ಲಿ ಅವರೂ ಕೂತಿರುತ್ತಾರೆ. ಕೋಚ್‌ನನ್ನು ನೇಮಿಸಿದವರೂ ಅವರೇ. ಅರ್ಜಿಯನ್ನು ಮನ್ನಿಸುವುದರಿಂದ ಅವರಿಗೆ ಹೆಚ್ಚಿನ ನಷ್ಟವಿಲ್ಲ. ಹೋಗುವವನು ಸೋಲಿನ ಜೊತೆಗೆ ಅದರ ವಿಚಾರಣೆಯನ್ನೂ ಹೊತ್ತುಕೊಂಡು ಹೋಗುತ್ತಾನೆ. ಅಭಿಮಾನಿಯ ಸಿಟ್ಟು ಇಳಿಯುತ್ತದೆ, ಹೊಸಬನಿಗೆ ಸ್ವಾಗತ ಸಿಗುತ್ತದೆ, ಕೊಂಡದ್ದು ಏಕೆ, ಕೈಬಿಟ್ಟದ್ದು ಏಕೆ ಎಂಬ ಪ್ರಶ್ನೆಗಳು ಹಾಗೇ ಉಳಿಯುತ್ತವೆ.

ಒಬ್ಬರನ್ನು ತೆಗೆಯಲೇಬೇಕಾದ ಸಂದರ್ಭಗಳಿವೆ. ಆದರೆ ಆ ಬೇಡಿಕೆ ವಿವರಣೆಯ ನಂತರ ಬರಬೇಕು. ಮೊದಲೇ ಬಂದರೆ, ಉತ್ತರ ಕೊಡಬೇಕಾದವರಿಗೆ ತಪ್ಪಿಸಿಕೊಳ್ಳುವ ಬಾಗಿಲನ್ನು ಅಭಿಮಾನಿಯೇ ತೆರೆದುಕೊಟ್ಟಂತೆ.