ಕಾಣದ ಗಾಯಕ್ಕೆ ಸಾಕ್ಷಿ ಯಾರು?

ಹ್ಯಾರಿ ಫಾರ್ ಎಂಬ ಬ್ರಿಟಿಷ್ ಸಿಪಾಯಿಯನ್ನು 1916ರ ಅಕ್ಟೋಬರ್‌ನಲ್ಲಿ ಹೇಡಿತನದ ಆರೋಪದ ಮೇಲೆ ಅವನದೇ ಸೇನೆ ಗುಂಡಿಟ್ಟು ಕೊಂದಿತು. ಅದಕ್ಕೆ ಹಿಂದಿನ ವರ್ಷ ಅವನು ಐದು ತಿಂಗಳು ಆಸ್ಪತ್ರೆಯಲ್ಲಿದ್ದ. ಕೈ ಎಷ್ಟು ನಡುಗುತ್ತಿತ್ತೆಂದರೆ ಹೆಂಡತಿಗೆ ಕಳಿಸುವ ಕಾಗದವನ್ನು ನರ್ಸ್ ಬರೆದುಕೊಡಬೇಕಿತ್ತು. ಆ ನಡುಕಕ್ಕೆ ಮೈಮೇಲೆ ಗಾಯದ ಗುರುತಿರಲಿಲ್ಲ. ಅವನೂ ಸೇರಿದಂತೆ 306 ಸೈನಿಕರಿಗೆ ಬ್ರಿಟನ್ ಕ್ಷಮಾದಾನ ನೀಡಿದ್ದು 2006ರಲ್ಲಿ, ತೊಂಬತ್ತು ವರ್ಷಗಳ ನಂತರ.

ಅಂದು 'ಶೆಲ್ ಶಾಕ್' ಎನ್ನುತ್ತಿದ್ದರು. ವಿಯೆಟ್ನಾಂ ಯುದ್ಧದಿಂದ ಮರಳಿದವರ ಗೋಳು ಕೇಳಿದ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರು ಇಂಥ ನರಳಿಕೆಗೆ ಆಘಾತೋತ್ತರ ಒತ್ತಡದ ಕಾಯಿಲೆ (ಪಿಟಿಎಸ್‌ಡಿ) ಎಂದು ಹೆಸರಿಟ್ಟರು. ಇದು ಸೈನಿಕರಿಗಷ್ಟೇ ಬರುವುದಲ್ಲ. ಭೂಕಂಪ, ಗಲಭೆ, ರಸ್ತೆ ಅಪಘಾತ, ಅತ್ಯಾಚಾರ, ಮನೆಯೊಳಗಿನ ಹೊಡೆತ ಯಾವುದರಿಂದಲೂ ಬರಬಹುದು. ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಆ ಜಾಗದ ಹತ್ತಿರ ಸುಳಿಯದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಇದರ ಲಕ್ಷಣಗಳು. ಬಹಳ ಜನ ಕಾಲ ಕಳೆದಂತೆ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಅದು ತಿಂಗಳು ಮೀರಿ ಉಳಿದು ಬದುಕನ್ನೇ ಹಿಡಿದು ನಿಲ್ಲಿಸುತ್ತದೆ.

ಇದಕ್ಕೂ ಫಿಸಿಯೋಥೆರಪಿಗೂ ಏನು ಸಂಬಂಧ ಎಂದು ಕೇಳಬಹುದು. ಅಪಘಾತದಲ್ಲಿ ಭುಜ ಮುರಿದುಕೊಂಡವರನ್ನು ನೆನೆಯೋಣ. ಮೂಳೆ ಕೂಡಿಕೊಂಡಿದೆ, ಆದರೆ ತೋಳು ಮೇಲೇಳದು. ಬೋರಲು ಮಲಗಿಸಿ ಹಿಂದಿನಿಂದ ಕೈ ಇಟ್ಟೊಡನೆ ಉಸಿರು ಬಿಗಿಯುತ್ತದೆ, ಸ್ನಾಯುಗಳು ಕಲ್ಲಾಗುತ್ತವೆ, ಮೈ ಬೆವರುತ್ತದೆ. ನೋವು ಅಂದಿನ ಘಟನೆಯನ್ನು ನೆನಪಿಸುತ್ತದೆ, ನೆನಪು ನೋವನ್ನು ಹೆಚ್ಚಿಸುತ್ತದೆ. ಎರಡು ದಿನ ಬಂದವರು ಮೂರನೆಯ ದಿನ ಬರುವುದಿಲ್ಲ. ಕಡತದಲ್ಲಿ 'ರೋಗಿ ಸಹಕರಿಸುತ್ತಿಲ್ಲ' ಎಂದು ದಾಖಲಾಗುತ್ತದೆ.

ಇಲ್ಲಿ ಒಂದು ನೈತಿಕ ಪ್ರಶ್ನೆಯಿದೆ. ಒಳ್ಳೆಯದಕ್ಕೇ ಮಾಡುವಾಗ ಇನ್ನೊಬ್ಬರ ಮೈ ಮುಟ್ಟಲು ಅನುಮತಿ ಕೇಳಬೇಕೆ? ಕೇಳಲೇಬೇಕು ಎಂಬುದು ನಮ್ಮ ಉತ್ತರ. ಯಾಕೆಂದರೆ ಆಘಾತವೆಂದರೆ ಒಪ್ಪಿಗೆಯಿಲ್ಲದೆ ಆ ದೇಹದ ಮೇಲೆ ನಡೆದುಹೋದದ್ದು. ಉಪಕಾರವೂ ಒಪ್ಪಿಗೆಯಿಲ್ಲದೆ ನಡೆದರೆ, ಆ ದೇಹಕ್ಕೆ ಎರಡರ ನಡುವೆ ವ್ಯತ್ಯಾಸ ತಿಳಿಯದು. ಮುಟ್ಟುವ ಮುನ್ನ ಹೇಳುವುದು, ಕೈ ಎತ್ತಿದರೆ ನಿಲ್ಲಿಸುವುದು, ಬಾಗಿಲು ಕಾಣುವಂತೆ ಕೂರಿಸುವುದು, ಹೆಣ್ಣುಮಗಳು ಕೇಳಿದರೆ ಮಹಿಳಾ ಥೆರಪಿಸ್ಟ್‌ರನ್ನು ಕರೆಯುವುದು ಇವೆಲ್ಲ ಬರೀ ಸೌಜನ್ಯವಲ್ಲ, ಚಿಕಿತ್ಸೆಯ ಭಾಗ. ನಡೆದದ್ದನ್ನು ಕೆದಕಿ ಕೇಳುವುದು ಮಾತ್ರ ಅವರ ಕೆಲಸವಲ್ಲ. ಅದಕ್ಕೆ ಮನೋವೈದ್ಯರಿದ್ದಾರೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಕನ್ನಡದ 'ಆಘಾತ'ಕ್ಕೂ ಉರ್ದುವಿನ 'ಸದ್ಮಾ'ಕ್ಕೂ ಮೈಗೆ ಬಿದ್ದ ಪೆಟ್ಟು ಎಂದೂ ಅರ್ಥ, ಮನಸ್ಸಿಗೆ ಬಿದ್ದ ಪೆಟ್ಟು ಎಂದೂ ಅರ್ಥ. ನಮ್ಮ ಹಿರಿಯರು ಎರಡನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟಿದ್ದರು. ನಾವೋ ಮುರಿದ ಕೈಗೆ ಹಾಲು ಹಣ್ಣು ತಂದುಕೊಡುತ್ತೇವೆ, ಬೆಚ್ಚುವ ಜೀವಕ್ಕೆ 'ಆಗಿದ್ದು ಆಯ್ತು, ಮರೆತುಬಿಡು' ಎನ್ನುತ್ತೇವೆ.

ನಾಟಕವಾಡುವವರೂ ಇರುತ್ತಾರಲ್ಲ ಎನ್ನುವವರಿದ್ದಾರೆ. ಇರಬಹುದು. ಸುಳ್ಳು ಹೇಳಿದವನನ್ನು ನಂಬಿದರೆ ನಮಗಾಗುವ ನಷ್ಟ ಒಂದಿಷ್ಟು ಹೊತ್ತು, ಒಂದಿಷ್ಟು ಹಣ. ನಿಜ ಹೇಳಿದವನನ್ನು ನಂಬದಿದ್ದರೆ ಆಗುವುದೇನೆಂದು ಹ್ಯಾರಿ ಫಾರ್‌ನ ಹೆಂಡತಿ ಮತ್ತು ಮಗಳು ಅರಿತಿದ್ದರು.