ದೂರ ವಿದ್ಯೆಗೆ ಹೊರಟ ಮಕ್ಕಳು, ಮನೆಯಲ್ಲಿ ಉಳಿದ ಮಾತಾಪಿತೃಗಳು

ವೈಶಾಖ ಶುದ್ಧ ಚತುರ್ದಶಿಯಂದು ಶ್ರೀನೃಸಿಂಹ ಜಯಂತಿಯ ಉತ್ಸವ ಮುಗಿಯುವ ವೇಳೆಗೆ ನಮ್ಮ ಅನೇಕ ಮನೆಗಳಲ್ಲಿ ಬೇರೊಂದು ನಿರೀಕ್ಷೆ ಮೊದಲಾಗುತ್ತದೆ. ಹನ್ನೆರಡನೆಯ ತರಗತಿಯನ್ನು ಮುಗಿಸಿದ ಮಕ್ಕಳು ಪ್ರವೇಶಪರೀಕ್ಷೆಗಳ ಫಲಿತಾಂಶವನ್ನು ಎದುರು ನೋಡುತ್ತಿರುತ್ತಾರೆ. ಫಲಿತಾಂಶವು ಪ್ರಕಟವಾಗಿ, ಸ್ಥಾನಗಳ ಹಂಚಿಕೆಯಾಗಿ, ಶ್ರಾವಣದಲ್ಲಿ ಶ್ರೀರಾಘವೇಂದ್ರಸ್ವಾಮಿಗಳ ಆರಾಧನೆ ಬರುವಷ್ಟರಲ್ಲಿ ಆಯ್ಕೆಯಾದ ಮಕ್ಕಳು ಪೆಟ್ಟಿಗೆ ಹಾಸಿಗೆಗಳೊಡನೆ ಪರಸ್ಥಳವನ್ನು ಸೇರಿರುತ್ತಾರೆ. ಪ್ರವೇಶಪತ್ರವನ್ನು ದೇವರ ಸನ್ನಿಧಿಯಲ್ಲಿಟ್ಟು ಮಂತ್ರಾಕ್ಷತೆಯನ್ನು ಬೇಡುವ ತಂದೆತಾಯಿಗಳನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಅವರ ಮುಖದಲ್ಲಿ ಸಂತೋಷವಿರುತ್ತದೆ. ಅದರ ಹಿಂದೆಯೇ ಒಂದು ಅಳುಕೂ ಇರುತ್ತದೆ. ಆ ಅಳುಕನ್ನು ಕುರಿತು ಧರ್ಮದೃಷ್ಟಿಯಿಂದ ಸ್ವಲ್ಪ ವಿಚಾರಮಾಡುವುದು ಈ ಲೇಖನದ ಉದ್ದೇಶ.

ವಿಷಯ ಸ್ಪಷ್ಟವಾಗಲೆಂದು ಐ.ಐ.ಟಿ.ಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ೧೯೫೧ರಲ್ಲಿ ಖರಗಪುರದಲ್ಲಿ ಮೊದಲನೆಯದು ಆರಂಭವಾಯಿತು. ೧೯೫೯ರಲ್ಲಿ ಪಶ್ಚಿಮ ಜರ್ಮನಿಯ ಸಹಕಾರದಿಂದ ಮದರಾಸಿನದು ಸ್ಥಾಪಿತವಾಯಿತು. ಇಂದು ಅವು ಇಪ್ಪತ್ತಮೂರಾಗಿವೆ. ನಮ್ಮ ಧಾರವಾಡದಲ್ಲಿಯೂ ೨೦೧೬ರಿಂದ ಒಂದು ನಡೆಯುತ್ತಿದೆ. ೨೦೨೪ರಲ್ಲಿ ಮುಖ್ಯಪರೀಕ್ಷೆಯನ್ನು ದಾಟಿ, ಅಡ್ವಾನ್ಸ್ಡ್ ಎಂಬ ಎರಡನೆಯ ಪರೀಕ್ಷೆಗೆ ಕುಳಿತವರು ಸುಮಾರು ೧ ಲಕ್ಷ ೮೦ ಸಾವಿರ ಮಂದಿ. ಅರ್ಹತೆ ಪಡೆದವರು ೪೮,೨೪೮. ಇದ್ದ ಸ್ಥಾನಗಳು ಹದಿನೇಳು ಸಾವಿರದ ಮೇಲೆ ಕೆಲವು ನೂರು ಮಾತ್ರ. ೨೦೧೮ರಿಂದ ಹೆಣ್ಣುಮಕ್ಕಳಿಗಾಗಿ ಹೆಚ್ಚುವರಿ ಸ್ಥಾನಗಳನ್ನು ಕಲ್ಪಿಸಿರುವುದರಿಂದ ನಮ್ಮ ಹೆಣ್ಣುಮಕ್ಕಳೂ ಹೆಚ್ಚಾಗಿ ಹೋಗುತ್ತಿದ್ದಾರೆ. ಆದ್ದರಿಂದ ಇಲ್ಲಿ ಮಗನಿಗೆ ಹೇಳಿದ ಮಾತೆಲ್ಲವೂ ಮಗಳಿಗೂ ಸಲ್ಲುತ್ತದೆ.

ಹೊರಡುವ ಮುನ್ನಿನ ಲೌಕಿಕ ಸಿದ್ಧತೆಗಳನ್ನು ನಮ್ಮ ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಚಟ್ನಿಪುಡಿ, ಗೊಜ್ಜು, ಹೊದಿಕೆ, ಔಷಧಿಗಳು, ಪಂಚಪಾತ್ರೆ ಉದ್ಧರಣೆ, ಒಂದು ಸಣ್ಣ ಸ್ತೋತ್ರಪುಸ್ತಕ, ಇವೆಲ್ಲವೂ ಪೆಟ್ಟಿಗೆಯಲ್ಲಿ ಸ್ಥಾನ ಪಡೆಯುತ್ತವೆ. ಬೋಧನಾಶುಲ್ಕವೇ ವರ್ಷಕ್ಕೆ ಎರಡು ಲಕ್ಷ ರೂಪಾಯಿಗಳೆಂದು ೨೦೧೬ರಲ್ಲಿ ನಿಗದಿಯಾದುದರಿಂದ, ತಂದೆಯು ಬ್ಯಾಂಕಿನ ಸಾಲಕ್ಕಾಗಿ ಓಡಾಡುತ್ತಾನೆ. ಮದರಾಸಿನ ವಿದ್ಯಾಲಯದಲ್ಲಿ ವಿದ್ಯಾರ್ಥಿನಿಲಯಗಳಿಗೆ ನದಿಗಳ ಹೆಸರುಗಳಿವೆ. ಗಂಗಾ, ಗೋದಾವರಿ, ನರ್ಮದಾ, ಕಾವೇರಿ ಎಂದು ಸ್ನಾನಕಾಲದಲ್ಲಿ ನಾವು ಸ್ಮರಿಸುವ ಹೆಸರುಗಳನ್ನೇ ಅಲ್ಲಿನ ಫಲಕಗಳ ಮೇಲೆ ಕಂಡು ಎಷ್ಟೋ ಮಂದಿ ತಾಯಂದಿರು ಸಮಾಧಾನ ತಾಳುತ್ತಾರೆ. ಇದೆಲ್ಲವೂ ಯೋಗ್ಯವೇ. ಆದರೆ ಪೆಟ್ಟಿಗೆಯಲ್ಲಿ ತುಂಬಿಸಲಾಗದ ಒಂದು ಸಿದ್ಧತೆಯುಂಟು. ಅದು ಹೋಗುವವರದಲ್ಲ, ಉಳಿಯುವವರದು.

ಅಲ್ಲಿನ ಪರಿಸ್ಥಿತಿಯನ್ನು ಅವಲೋಕಿಸಬೇಕು. ತನ್ನ ಊರಿನಲ್ಲಿ ಹತ್ತು ವರ್ಷ ತರಗತಿಗೆ ಮೊದಲಿಗನಾಗಿದ್ದ ಬಾಲಕನು, ತಮ್ಮ ತಮ್ಮ ಊರುಗಳಲ್ಲಿ ಮೊದಲಿಗರಾಗಿದ್ದವರ ನಡುವೆಯೇ ಹೋಗಿ ಕುಳಿತುಕೊಳ್ಳುತ್ತಾನೆ. ಅನೇಕ ವಿಷಯಗಳಲ್ಲಿ ಅಂಕಗಳಿಗಿಂತ, ತರಗತಿಯೊಳಗಿನ ತಾರತಮ್ಯವನ್ನು ನೋಡಿ ಶ್ರೇಣಿಯನ್ನು ಕೊಡುವ ಪದ್ಧತಿಯಿದೆ. ನೂರು ಮಂದಿ ಪ್ರತಿಭಾವಂತರನ್ನು ಒಂದೆಡೆ ಕೂಡಿಸಿದರೂ ಅವರಲ್ಲಿ ಐವತ್ತು ಮಂದಿ ಕೆಳಗಿನ ಅರ್ಧದಲ್ಲಿಯೇ ಇರಬೇಕಷ್ಟೆ. ಇದು ಗಣಿತ, ಇದರಲ್ಲಿ ಯಾರ ಸೋಮಾರಿತನವೂ ಇಲ್ಲ. ಮೊದಲನೆಯ ವರ್ಷದ ಗಣಿತ, ಭೌತಶಾಸ್ತ್ರ, ಗಣಕಯಂತ್ರದ ಪಾಠಗಳ ವೇಗವೂ ಹೊಸದು. ಸಹಪಾಠಿಗಳ ಇಂಗ್ಲಿಷ್ ಹಿಂದಿಗಳ ಮಾತೂ ಹೊಸದು. ಭೋಜನಶಾಲೆಯ ಈರುಳ್ಳಿ ಬೆಳ್ಳುಳ್ಳಿಗಳೂ ಹೊಸವು. ಜೀವನದಲ್ಲಿ ಮೊದಲನೆಯ ಬಾರಿಗೆ ಅವನು ಒಂದು ಪರೀಕ್ಷೆಯಲ್ಲಿ ಅನುತ್ತೀರ್ಣನಾಗುತ್ತಾನೆ. ಆ ಸಂಜೆ ಮನೆಯಿಂದ ದೂರವಾಣಿ ಬರುತ್ತದೆ. “ಪರೀಕ್ಷೆ ಹೇಗಾಯಿತು? ಸಂಧ್ಯಾವಂದನೆ ನಡೆಯುತ್ತಿದೆಯೇ? ಏಕಾದಶಿಯ ದಿನ ಏನು ಮಾಡಿದೆ?” ಎಂಬ ಮೂರು ಪ್ರಶ್ನೆಗಳು. “ಎಲ್ಲವೂ ಚೆನ್ನಾಗಿದೆ” ಎಂಬ ಒಂದೇ ಉತ್ತರ.

ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗಲೂ ವಾರಕ್ಕೊಮ್ಮೆ ಮನೆಯವರೊಡನೆ ಮಾತನಾಡಲು ಅವಕಾಶವಿತ್ತು. ಜ್ವರದಿಂದ ಮಲಗಿದ್ದವನೂ, ಪಾಠ ಒಪ್ಪಿಸಲಾರದೆ ಅತ್ತವನೂ, ಎಲ್ಲರೂ ದೂರವಾಣಿಯನ್ನು ಹಿಡಿದೊಡನೆ ಹೇಳುತ್ತಿದ್ದುದು “ಚೆನ್ನಾಗಿದ್ದೇನೆ” ಎಂಬ ಒಂದೇ ಮಾತನ್ನು. ತಾಯಿ ನೊಂದಾಳೆಂಬ ಪ್ರೀತಿ ಕೆಲವರಿಗೆ. ತಂದೆ ಮುನಿದಾನೆಂಬ ಭೀತಿ ಕೆಲವರಿಗೆ. ಮಾತು ಮಾತ್ರ ಒಂದೇ.

ಇಲ್ಲಿ ಒಂದು ಧರ್ಮಪ್ರಶ್ನೆ ಏಳುತ್ತದೆ. ಒಂದು ಕರ್ಮವನ್ನು ಮಾಡಿದವನಿಗೆ ಮಾತ್ರವಲ್ಲ, ಮಾಡಿಸಿದವನಿಗೂ ಪ್ರೇರೇಪಿಸಿದವನಿಗೂ ಅನುಮೋದಿಸಿದವನಿಗೂ ಅದರ ಫಲದಲ್ಲಿ ಪಾಲುಂಟೆಂದು ಹಿರಿಯರು ಹೇಳುತ್ತಾರೆ. ಹಾಗಾದರೆ ಮಗನು ಆಡಿದ ಅಸತ್ಯದಲ್ಲಿ, ಸತ್ಯವನ್ನು ನುಡಿಯಲು ಎಡೆಯಿಲ್ಲದಂತೆ ಪ್ರಶ್ನೆ ಕೇಳಿದ ತಂದೆತಾಯಿಗಳಿಗೆ ಪಾಲಿಲ್ಲವೇ? ಇದೆ ಎಂದೇ ನಮ್ಮ ಅಭಿಪ್ರಾಯ. ಸತ್ಯವನ್ನು ನುಡಿಯುವುದು ಹೇಳುವವನ ಧರ್ಮವಾದರೆ, ಸತ್ಯವು ನಿರ್ಭಯವಾಗಿ ಬಂದು ನಿಲ್ಲಲು ಸ್ಥಳವನ್ನು ಕೊಡುವುದು ಕೇಳುವವನ ಧರ್ಮ. ಮಕ್ಕಳನ್ನು ದೂರ ಕಳುಹಿಸುವ ಮಾತಾಪಿತೃಗಳು ಮಾಡಿಕೊಳ್ಳಬೇಕಾದ ಮುಖ್ಯ ಸಿದ್ಧತೆ ಇದೇ.

ಶ್ರೀಮದ್ಭಾಗವತದ ಸಪ್ತಮ ಸ್ಕಂಧದಲ್ಲಿ ಬರುವ ಒಂದು ಸಂದರ್ಭವನ್ನು ನೆನೆಯೋಣ. ಶುಕ್ರಾಚಾರ್ಯರ ಪುತ್ರರಾದ ಶಂಡಾಮರ್ಕರಲ್ಲಿ ಓದಿ ಬಂದ ಪ್ರಹ್ಲಾದನನ್ನು ಹಿರಣ್ಯಕಶಿಪು ಮಡಿಲಲ್ಲಿ ಕುಳ್ಳಿರಿಸಿಕೊಳ್ಳುತ್ತಾನೆ. ನೆತ್ತಿಯನ್ನು ಆಘ್ರಾಣಿಸಿ, ಆನಂದಬಾಷ್ಪವನ್ನು ಸುರಿಸಿ, ಕಲಿತುದರಲ್ಲಿ ಉತ್ತಮವಾದುದು ಯಾವುದೆಂದು ಪ್ರೀತಿಯಿಂದಲೇ ಕೇಳುತ್ತಾನೆ. ಬಾಲಕನು ತನಗೆ ಸತ್ಯವೆಂದು ತೋರಿದುದನ್ನು, ಶ್ರೀಹರಿಯ ನವವಿಧ ಭಕ್ತಿಯನ್ನು, ಹೇಳುತ್ತಾನೆ. ಉತ್ತರವು ಕಿವಿಗೆ ಬಿದ್ದೊಡನೆ ಅದೇ ತಂದೆಯು ಅದೇ ಮಡಿಲಿನಿಂದ ಮಗನನ್ನು ನೆಲಕ್ಕೆ ಎಸೆಯುತ್ತಾನೆ. ಹರಿದ್ವೇಷಿಯಾದ ಆ ದೈತ್ಯನನ್ನು ನಮ್ಮ ಆಸ್ತಿಕ ತಂದೆತಾಯಿಗಳಿಗೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಆದರೆ ಆ ಒಂದು ಕ್ರಿಯೆಯನ್ನು ಮಾತ್ರ ಗಮನಿಸಬೇಕು. ಅಲ್ಲಿ ಮಡಿಲು ಉತ್ತರಕ್ಕೆ ಕಟ್ಟುಬಿದ್ದಿತ್ತು. ತನಗೆ ಬೇಕಾದ ಉತ್ತರ ಬಂದರೆ ಮಡಿಲು ಉಂಟು, ಬಾರದಿದ್ದರೆ ಇಲ್ಲ. ಪ್ರಹ್ಲಾದನು ಮಹಾಭಾಗವತನಾದುದರಿಂದ ಮಡಿಲನ್ನು ಕಳೆದುಕೊಂಡೂ ಸತ್ಯವನ್ನು ಬಿಡಲಿಲ್ಲ. ನಮ್ಮ ಹದಿನೆಂಟು ವರ್ಷದ ಮಕ್ಕಳು ಪ್ರಹ್ಲಾದರಲ್ಲ. ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದರೆ ಅವರು ಸತ್ಯವನ್ನು ಬಿಟ್ಟು ಮಡಿಲನ್ನು ಉಳಿಸಿಕೊಳ್ಳುತ್ತಾರೆ.

ಇನ್ನು ಸಿದ್ಧಾಂತದ ದೃಷ್ಟಿಯಿಂದ ನೋಡೋಣ. ಶ್ರೀಮದಾಚಾರ್ಯರ ಪ್ರಮಾಣವಿಚಾರದಲ್ಲಿ ಸಾಕ್ಷಿಗೆ ಇರುವ ಸ್ಥಾನವನ್ನು ಪ್ರವಚನಗಳಲ್ಲಿ ತಾವೆಲ್ಲರೂ ಕೇಳಿರುತ್ತೀರಿ. ಕಣ್ಣು ಕಿವಿಗಳು ದೋಷದಿಂದ ತಪ್ಪಬಹುದು, ಮನಸ್ಸೂ ಭ್ರಮಿಸಬಹುದು. ಆದರೆ ಸುಖದುಃಖಗಳನ್ನು ಗ್ರಹಿಸುವ, ಆತ್ಮಸ್ವರೂಪವೇ ಆಗಿರುವ ಸಾಕ್ಷಿಯು ನಿರ್ದುಷ್ಟವಾದುದು. “ನನಗೆ ದುಃಖವಾಗಿದೆಯೋ ಇಲ್ಲವೋ” ಎಂಬ ಸಂಶಯವು ಲೋಕದಲ್ಲಿ ಯಾರಿಗೂ ಹುಟ್ಟುವುದಿಲ್ಲ. ಹೀಗಿರುವಲ್ಲಿ ಮಗನು “ನನಗೆ ಬಹಳ ಕಷ್ಟವಾಗುತ್ತಿದೆ” ಎಂದಾಗ “ನಿನಗೇನು ಕಷ್ಟ? ನಮ್ಮ ಕಾಲದಲ್ಲಿ ದೀಪವೂ ಇರಲಿಲ್ಲ” ಎಂದು ಉತ್ತರಿಸುವುದು ಸಾಕ್ಷಿಸಿದ್ಧವಾದುದನ್ನೇ ಅಲ್ಲಗಳೆದಂತೆ. “ನಾನು ಇಲ್ಲಿಗೆ ತಕ್ಕವನಲ್ಲ”, “ನನ್ನಿಂದ ಇನ್ನು ಆಗದು” ಎಂಬ ಅವನ ಮಾತುಗಳು ಅವನ ಊಹೆಗಳು, ಅವು ತಪ್ಪಾಗಿರಬಹುದು. ಅವುಗಳನ್ನು ನಿಧಾನವಾಗಿ ಪರೀಕ್ಷಿಸಿ ತಿದ್ದಬಹುದು. ಆದರೆ ನೋವು ಊಹೆಯಲ್ಲ, ಅನುಭವ. ಮೊದಲು ನೋವನ್ನು ಒಪ್ಪಿಕೊಳ್ಳಬೇಕು. ಆಮೇಲೆ ಊಹೆಯನ್ನು ತಿದ್ದಬೇಕು. ಈ ಕ್ರಮವು ತಲೆಕೆಳಗಾದರೆ ಮುಂದಿನ ಬಾರಿ ಅವನು ಎರಡನ್ನೂ ಹೇಳುವುದಿಲ್ಲ.

ಯೋಗ್ಯತೆ ಎಂಬ ಶಬ್ದವನ್ನು ಕುರಿತೂ ಒಂದು ಮಾತು. ನಮ್ಮ ಮನೆಗಳಲ್ಲಿ ಮಕ್ಕಳು ಹಿಂದೆ ಬಿದ್ದಾಗ “ಅವನ ಯೋಗ್ಯತೆಯೇ ಅಷ್ಟು” ಎನ್ನುವವರುಂಟು. ಇದು ಶಾಸ್ತ್ರದ ಮಾತಿನಂತೆ ಕೇಳಿಸಿದರೂ ಶಾಸ್ತ್ರದ ಮಾತಲ್ಲ. ಜೀವರಲ್ಲಿ ತಾರತಮ್ಯವಿರುವುದು ಸತ್ಯ. ಆದರೆ ಜೀವನ ಸ್ವರೂಪಯೋಗ್ಯತೆಯನ್ನು ಪೂರ್ಣವಾಗಿ ಬಲ್ಲವನು ಸರ್ವಜ್ಞನಾದ ಶ್ರೀಹರಿ. ಒಂದು ಷಣ್ಮಾಸದ ಅಂಕಪಟ್ಟಿಯು ಅದನ್ನು ಅಳೆಯಲಾರದು. ಸ್ವತಂತ್ರನು ಅವನೊಬ್ಬನೇ ಎಂದು ನಿತ್ಯವೂ ಹೇಳುವ ನಾವು, ಮಕ್ಕಳ ವಿಷಯದಲ್ಲಿ ಮಾತ್ರ ಫಲವು ನಮ್ಮ ಕೈಯಲ್ಲಿರುವಂತೆ ವರ್ತಿಸುವುದು ಸಿದ್ಧಾಂತಕ್ಕೆ ಒಪ್ಪುವುದಿಲ್ಲ.

ಇದಕ್ಕೆ ಆಕ್ಷೇಪವೊಂದು ಬರಬಹುದು. “ಹೀಗೆ ಸಡಿಲಬಿಟ್ಟರೆ ಮಕ್ಕಳು ಓದನ್ನೂ ಆಚಾರವನ್ನೂ ಎರಡನ್ನೂ ಬಿಟ್ಟಾರು” ಎಂದು. ಆಕ್ಷೇಪ ಹಗುರವಾದುದಲ್ಲ. ನಿತ್ಯಕರ್ಮವು ಬಿಟ್ಟರೂ ಆಗಬಹುದೆಂದು ನಾವು ಹೇಳುತ್ತಿಲ್ಲ. ಆದರೆ ಬಿಟ್ಟುಹೋದುದನ್ನು ಬಿಟ್ಟುಹೋಗಿದೆ ಎಂದು ಹೇಳಿಕೊಳ್ಳಲು ಶಾಸ್ತ್ರವೇ ದಾರಿಯನ್ನು ಇರಿಸಿದೆ. ಸಂಧ್ಯಾವಂದನೆಯಲ್ಲಿ ಮೂರು ಅರ್ಘ್ಯಗಳ ಮೇಲೆ, ಕಾಲ ಮೀರಿದುದಕ್ಕಾಗಿ ಪ್ರಾಯಶ್ಚಿತ್ತಾರ್ಘ್ಯವೆಂಬ ಇನ್ನೊಂದುಂಟು. ಮನುಷ್ಯನು ಸಕಾಲದಲ್ಲಿ ಮಾಡಲಾರದೆ ಹೋಗಬಹುದೆಂಬುದನ್ನು ತಿಳಿದೇ, ಅವನನ್ನು ಹೊರಗೆ ಹಾಕದೆ, ಕರ್ಮದ ಒಳಗೇ ಅವನಿಗೆ ಸ್ಥಳವನ್ನಿಟ್ಟ ಋಷಿಗಳ ಕರುಣೆ ಅದು. ತಪ್ಪಿದುದನ್ನು ಮುಚ್ಚಿಟ್ಟವನಿಗೆ ಆ ಅರ್ಘ್ಯದಿಂದ ಪ್ರಯೋಜನವೇನು? “ಈ ವಾರ ಎರಡು ದಿನ ಮಾತ್ರ ಮಾಡಿದೆ” ಎನ್ನುವ ಮಗನು ಆಚಾರದ ಒಳಗೇ ಇದ್ದಾನೆ. “ದಿನವೂ ಮಾಡುತ್ತಿದ್ದೇನೆ” ಎಂದು ಸುಳ್ಳಾಡುವ ಮಗನು ಆಚಾರವನ್ನೂ ಸತ್ಯವನ್ನೂ ಏಕಕಾಲದಲ್ಲಿ ಕಳೆದುಕೊಂಡಿದ್ದಾನೆ. ಓದಿಗೂ ಇದೇ ನ್ಯಾಯ. ಮಡಿಲನ್ನು ಕೊಡುವುದೆಂದರೆ ಎಲ್ಲಕ್ಕೂ ಸಮ್ಮತಿಯನ್ನು ಕೊಡುವುದೆಂದಲ್ಲ. ಒಪ್ಪದಿರಬಹುದು, ಬುದ್ಧಿ ಹೇಳಬಹುದು, ಎಸೆಯಕೂಡದು.

ಈ ಮಾತು ಕೇವಲ ನೀತಿಬೋಧೆಯಲ್ಲ. ಇದರಲ್ಲಿ ಪ್ರಾಣಗಳ ಪ್ರಶ್ನೆಯಿದೆ. ಉನ್ನತ ವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಜೀವವನ್ನೇ ಕಳೆದುಕೊಳ್ಳುವ ಪ್ರಸಂಗಗಳು ನಡೆದುವು. ೨೦೨೫ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಷಯವನ್ನು ಪರಿಶೀಲಿಸಲು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ನೇಮಿಸಿತು. ಕಾರಣಗಳು ಅನೇಕ, ಅವೆಲ್ಲವೂ ಮನೆಯಲ್ಲಿರುವುದಿಲ್ಲ, ಮಗುವನ್ನು ಕಳೆದುಕೊಂಡ ತಂದೆತಾಯಿಗಳ ಮೇಲೆ ಹೊಣೆ ಹೊರಿಸುವುದು ಕ್ರೌರ್ಯ. ಆದರೆ ಮನೆಯವರು ಮಾಡಬಹುದಾದ ಒಂದಂಶವಿದ್ದರೆ ಅದನ್ನು ಮೊದಲೇ ಮಾಡಬೇಕಷ್ಟೆ.

ಆದ್ದರಿಂದ ಹೊರಡುವ ಮೊದಲೇ, ಪೆಟ್ಟಿಗೆ ಕಟ್ಟುವ ದಿನಗಳಲ್ಲಿಯೇ, ಕೆಲವು ಮಾತುಗಳನ್ನು ಬಾಯಿಬಿಟ್ಟು ಆಡಬೇಕು. “ಅಲ್ಲಿ ನೀನು ಮೊದಲಿಗನಾಗದಿರಬಹುದು; ಒಂದು ವಿಷಯದಲ್ಲಿ ಬೀಳಲೂಬಹುದು; ಬಿದ್ದ ದಿನವೇ ನಮಗೆ ಹೇಳು. ಸಾಲದ ಚಿಂತೆ ನಮ್ಮದು, ನಿನ್ನದಲ್ಲ. ಅಲ್ಲಿ ಇರಲಾರೆನೆನಿಸಿದರೆ ಮನೆಯ ಬಾಗಿಲು ತೆರೆದಿದೆ” ಎಂದು. ಪ್ರೀತಿಯು ಹೇಳದೆಯೇ ತಿಳಿಯುತ್ತದೆಂಬ ನಮ್ಮ ಹಿರಿಯರ ಮೌನವು ಈ ಸಂದರ್ಭದಲ್ಲಿ ಸಾಲದು. ಅಂಕಗಳ ಪ್ರಶ್ನೆಗೆ ಮೊದಲು “ಊಟವಾಯಿತೇ, ನಿದ್ದೆ ಬರುತ್ತಿದೆಯೇ, ಸ್ನೇಹಿತರು ಯಾರು?” ಎಂಬ ಪ್ರಶ್ನೆಗಳು ಬರಲಿ. ಬಂಧುಗಳ ಮುಂದೆ ಮಗನ ಶ್ರೇಣಿಯನ್ನು ಸಾರುವುದನ್ನು ಮಿತಗೊಳಿಸಬೇಕು. ಊರೆಲ್ಲ ಹಬ್ಬಿದ ಕೀರ್ತಿಯನ್ನು ಉಳಿಸುವ ಹೊರೆ ಹೊರುವವನು ಅವನೇ.

ಕೆಲವು ವ್ಯಾವಹಾರಿಕ ಸಂಗತಿಗಳೂ ತಿಳಿದಿರಲಿ. ಹಿರಿಯ ವಿದ್ಯಾರ್ಥಿಗಳ ಪೀಡನೆಯನ್ನು ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೦೯ರಲ್ಲಿ ನಿಯಮಗಳನ್ನು ಮಾಡಿತು. ವಿದ್ಯಾರ್ಥಿಯೂ ಪಾಲಕರೂ ಪ್ರತಿಜ್ಞಾಪತ್ರ ಕೊಡಬೇಕೆಂಬುದು ಅದರಿಂದಲೇ ಬಂದುದು. ಅದನ್ನು ಓದಿಯೇ ಸಹಿಮಾಡಬೇಕು. ಮನಸ್ಸಿನ ಸಂಕಟಕ್ಕೆ ಸಲಹೆ ನೀಡುವ ‘ಟೆಲಿ ಮಾನಸ್’ ಎಂಬ ಸರ್ಕಾರಿ ದೂರವಾಣಿ ಸೇವೆ ೨೦೨೨ರ ಅಕ್ಟೋಬರಿನಲ್ಲಿ ಆರಂಭವಾಯಿತು. ಅದರ ಸಂಖ್ಯೆ ೧೪೪೧೬. ಕನ್ನಡದಲ್ಲಿಯೂ ಮಾತನಾಡಬಹುದು. ದೇಹಕ್ಕೆ ಜ್ವರ ಬಂದಾಗ ವೈದ್ಯರನ್ನು ಕಾಣುವಂತೆಯೇ ಮನಸ್ಸಿಗೂ ಕಾಣಬೇಕು. ಇದರಿಂದ ದೈವಭಕ್ತಿಗೆ ಕುಂದಿಲ್ಲ, ಮನೆತನಕ್ಕೆ ಕಳಂಕವೂ ಇಲ್ಲ.

ಗುರುಗಳ ಸನ್ನಿಧಿಯಲ್ಲಿ ಪ್ರಹ್ಲಾದಾವತಾರವೆಂದು ನಮಿಸಿ ಮಕ್ಕಳಿಗೆ ವಿದ್ಯೆಯನ್ನು ಬೇಡುವ ನಾವು, ಜೊತೆಗೆ ಇನ್ನೊಂದನ್ನೂ ಬೇಡಿಕೊಳ್ಳೋಣ. ಮಕ್ಕಳಿಗೆ ಸತ್ಯವನ್ನು ನುಡಿಯುವ ಧೈರ್ಯವನ್ನು ಕೊಡುವಂತೆಯೇ, ಆ ಸತ್ಯವು ಎಂಥದಾದರೂ ಮಡಿಲನ್ನು ಹಿಂತೆಗೆದುಕೊಳ್ಳದೆ ಕೇಳುವ ಧೈರ್ಯವನ್ನು ನಮಗೂ ಕೊಡಲಿ.

ಶ್ರೀಕೃಷ್ಣಾರ್ಪಣಮಸ್ತು.